ಚೆನ್ನಾಗಿ ನೆನೆಸಬೇಕು, ಅಳಿಯಂದಿರೇ

ಅಡುಗೆಮನೆಯ ಮೇಜು, ಕಿಟಕಿ ಕಡೆಯ ಕುರ್ಚಿ
ಬುಧವಾರ, ನವೆಂಬರ್ ೧೪

ಪ್ರೀತಿಯ ಅಳಿಯಂದಿರಿಗೆ,

ಅತ್ತೆಯ ಆಶೀರ್ವಾದಗಳು, ಸಾಧಾರಣ ಅಂಚೆಯಲ್ಲಿ ಎಷ್ಟು ಹಿಡಿಸುತ್ತವೋ ಅಷ್ಟು.

ನಿಮ್ಮ ಶೀತ ಹೇಗಿದೆ? ಕಾರ್ಖಾನೆಯ ಬಾಗಿಲಿನಿಂದ ಕಾರಿನ ಬಾಗಿಲಿಗೆ ಹೋಗುವಷ್ಟರಲ್ಲಿ ಮಳೆಗೆ ಸಿಕ್ಕಿ ತೊಪ್ಪೆಯಾದಿರಂತೆ, ಮೂಗು ಕೆಂಪಗೆ ಮಾಡಿಕೊಂಡು ಕೂತಿದ್ದೀರಂತೆ. ನಿಮ್ಮ ವ್ಯಾನಿನ ಚಾಲಕ ಹೇಳಿದ. ಹುಷಾರು. ನೆನೆಯುವುದು ನಿಮಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ನೀವು ನಮ್ಮನ್ನು ನೆನೆದು ಎಷ್ಟು ಕಾಲವಾಯಿತೋ, ಅದು ಬೇರೆ ಮಾತು. ಮಳೆಯಲ್ಲಾದರೂ ನೆನೆದಿರಲ್ಲ, ಆ ಕ್ರಿಯಾಪದ ನಿಮ್ಮ ಬಾಳಿನಲ್ಲಿ ಒಂದು ಅರ್ಥದಲ್ಲಾದರೂ ಉಳಿದಿದೆಯಲ್ಲ ಎಂದು ಸಮಾಧಾನಪಟ್ಟೆ. ಹೊಟ್ಟೆ ಉರಿ ಕಡಿಮೆಯಾಯಿತೇ? ನಮಗೂ ಹೊಟ್ಟೆ ಉರಿ ಇತ್ತು. ನಿಮ್ಮದು ಆಮ್ಲದಿಂದ ಬಂದದ್ದು, ನಮ್ಮದು ನಿಮ್ಮಿಂದ ಬಂದದ್ದು, ಅಷ್ಟೇ ವ್ಯತ್ಯಾಸ. ಸೋಮವಾರದಿಂದ ನಮ್ಮದು ಗುಣವಾಗಿದೆ. ನನ್ನ ಮಂಡಿ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಉಳಿದಂತೆ ಆರೋಗ್ಯ. ಮಗಳೂ ಚೆನ್ನಾಗಿದ್ದಾಳೆ. ಈ ವಾಕ್ಯವನ್ನು ಸುಳ್ಳಿಲ್ಲದೆ ಬರೆಯಲು ಸಾಧ್ಯವಾದದ್ದು ಈ ವಾರವೇ, ಮತ್ತು ಅದಕ್ಕೆ ಕಾರಣ ನೀವೇ. ಉಪಕಾರ ಮಾಡಬೇಕೆಂದು ನೀವು ಮಾಡಿದ್ದಲ್ಲ, ಆದರೂ ಉಪಕಾರ ಉಪಕಾರವೇ.

ನಿಮ್ಮ ಪತ್ರ, ಅರಗಿನ ಕಡ್ಡಿ, ಹತ್ತಿ ತುಂಬಿದ ಪುಟ್ಟ ಡಬ್ಬಿ, ಮೂರೂ ಸೋಮವಾರ ತಲುಪಿದವು. "ಪೂಜ್ಯ ಅತ್ತೆಯವರಿಗೆ" ಎಂದು ಶುರು ಮಾಡಿದ್ದೀರಿ. ನಿಮ್ಮ ಶಾಸ್ತ್ರದಲ್ಲಿ ಎಲ್ಲವೂ ಒಂದು ಇಲ್ಲವೇ ಸೊನ್ನೆಯಂತೆ. ನಮ್ಮ ಭಾಷೆ ನೋಡಿ ಎಷ್ಟು ಮಿತವ್ಯಯಿ: ಪೂಜ್ಯ ಎಂದರೆ ಗೌರವವೂ ಹೌದು, ಸೊನ್ನೆಯೂ ಹೌದು. ಕೆಲಸವಿರುವಾಗ ಮೊದಲ ಅರ್ಥದಲ್ಲಿ ಪೂಜ್ಯ, ಕೆಲಸವಿಲ್ಲದಾಗ ಎರಡನೆಯ ಅರ್ಥದಲ್ಲಿ. ಈಗ ಕೆಲಸ ಬಿದ್ದಿದೆ. ಶುಕ್ರವಾರ ದೊಡ್ಡ ಸಭಾಂಗಣದಲ್ಲಿ, ಬೇರೆ ಬೇರೆ ದೇಶಗಳಿಂದ ಬರುವ ಖರೀದಿದಾರರ ಮುಂದೆ ನಿಮ್ಮ ಪ್ರದರ್ಶನ. ಕಾರ್ಖಾನೆಯಲ್ಲಿ ಮಾಡಿದ ಮೆಮೊರಿ ಚಿಪ್‌ಗಳೆಲ್ಲ ಬೆಳಗ್ಗೆ ಹೇಳಿಕೊಟ್ಟದ್ದನ್ನು ಮಧ್ಯಾಹ್ನ ಮರೆಯುತ್ತವೆ. ನೆನಪಿಟ್ಟುಕೊಳ್ಳುವುದು ಒಂದೇ ಒಂದು, ಎಲ್ಲಕ್ಕಿಂತ ಮೊದಲನೆಯದು, ನಿಮ್ಮ ಮಾವನವರ ದನಿ ಇರುವುದು. ಡಬ್ಬಿಯಲ್ಲಿಟ್ಟು ಕಳಿಸಿರುವ ಅದೂ ಈಗ ಸ್ವಲ್ಪ ಗೊರಗೊರ ಎನ್ನುತ್ತಿದೆ. ಆದ್ದರಿಂದ "ಅತ್ತೆ, ನಿಮ್ಮ ಕೈಗುಣದಿಂದಲೇ ಆಗಬೇಕು, ಆಗ ಮಾಡಿದಂತೆಯೇ ಇನ್ನೊಮ್ಮೆ ಚೆನ್ನಾಗಿ ನೆನೆಸಿ, ಡಬ್ಬಿಗೆ ಅರಗಿನ ಮುದ್ರೆ ಒತ್ತಿ ಬುಧವಾರ ಚಾಲಕನ ಕೈಲಿ ಕಳಿಸಿಕೊಡಿ, ಮುದ್ರೆಯನ್ನು ನಾನು ವೇದಿಕೆಯ ಮೇಲೆ ಎಲ್ಲರ ಎದುರಿಗೇ ಒಡೆಯುತ್ತೇನೆ" ಎಂದು ಕೇಳಿಕೊಂಡಿದ್ದೀರಿ. ಕೇಳಿದ್ದನ್ನೆಲ್ಲ ಮಾಡಿದ್ದೇನೆ. ನೆನೆಸಿದ್ದೂ ಆಯಿತು, ಮುದ್ರೆ ಒತ್ತಿದ್ದೂ ಆಯಿತು. ಡಬ್ಬಿ ಇಲ್ಲೇ ಬ್ರೆಡ್ಡಿನ ತಟ್ಟೆಯ ಪಕ್ಕದಲ್ಲಿ, ಮದುವೆಗೆ ಹೊರಟವರ ಹಾಗೆ ಸಿಂಗರಿಸಿಕೊಂಡು ಕೂತಿದೆ. ಅರಗು ನಾನು ಕರಗಿಸಿದ್ದು. ಅರಗಿಸಿಕೊಳ್ಳುವುದು ನಿಮಗೆ ಬಿಟ್ಟದ್ದು.

ಚಾಲಕ ಬರುವವರೆಗೆ ಹೊತ್ತಿದೆ, ಹಳೆಯ ಮಾತು ಸ್ವಲ್ಪ ಆಡೋಣ. ನಿಮಗೂ ನೆನಪಿರಲಿ, ಹೇಗಿದ್ದರೂ ನೆನಪು ನಿಮ್ಮ ಉದ್ಯೋಗವಲ್ಲವೇ.

ಇದೆಲ್ಲ ಹುಟ್ಟಿದ್ದು ಈ ಮೇಜಿನ ಮೇಲೆ. ಜೀವದಿಂದ ಬಂದ ವಸ್ತುವಿನಲ್ಲೇ ಮೆಮೊರಿ ಮಾಡಬೇಕು, ಕೆಲಸ ಮುಗಿದ ಮೇಲೆ ಮಣ್ಣಿಗೆ ಹಾಕಿದರೆ ಮಣ್ಣಾಗಬೇಕು ಎಂದು ಮಗಳಿಗೆ ಹುಚ್ಚು ಹಿಡಿದಿತ್ತು. ಲ್ಯಾಬಿನಲ್ಲಿ ತಿನ್ನುವ ಪದಾರ್ಥ ತರಬಾರದೆಂಬ ನಿಯಮ, ಹಾಗಾಗಿ ಪ್ರಯೋಗಗಳು ನನ್ನ ಅಡುಗೆಮನೆಗೆ ವಲಸೆ ಬಂದವು. ಮೊದಲು ರೇಷ್ಮೆ ಕರಗಿಸಿ ನೋಡಿದಳು. ಆಮೇಲೆ ಜೇನುತುಪ್ಪ; ಅದನ್ನು ನೆನಪಿಟ್ಟುಕೊಂಡವು ಇರುವೆಗಳು ಮಾತ್ರ. ಕೊನೆಗೆ ಮೊಟ್ಟೆಯ ಬಿಳಿ. ತೆಳು ಬಟ್ಟೆಯಲ್ಲಿ ಸೋಸಿ, ಹಳೆಯ ಮಿಕ್ಸಿಯ ಮೋಟಾರಿನ ಮೇಲೆ ಗಾಜಿನ ತುಂಡು ಕೂರಿಸಿ ಗರಗರ ತಿರುಗಿಸಿ, ಕೂದಲಿಗಿಂತ ತೆಳ್ಳಗೆ ಹರಡಿ, ಓವನ್ನಿನಲ್ಲಿ ಹದವಾಗಿ ಒಣಗಿಸುತ್ತಿದ್ದಳು. ಕೆಳಗೊಂದು ಮೇಲೊಂದು ಲೋಹದ ಗೆರೆ, ನಡುವೆ ಬಿಳಿ. ಬಿಳಿಯೆಲ್ಲ ವಿಜ್ಞಾನಕ್ಕೆ, ಹಳದಿಯೆಲ್ಲ ನಮ್ಮ ತಟ್ಟೆಗೆ. ಆ ಕಾಲದಲ್ಲಿ ನಾವು ತಿಂದಷ್ಟು ಹಳದಿಯನ್ನು ಮೊಟ್ಟೆಯೊಳಗಿನ ಮರಿಗಳೂ ತಿಂದಿರಲಾರವು. ನೀವು ಹಜಾರದ ಸೋಫಾದಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಸ್ಲೈಡ್ ಮಾಡುತ್ತಿದ್ದಿರಿ. ಅವಳೂ ಸ್ಲೈಡ್ ಮಾಡುತ್ತಿದ್ದಳು. ಅವಳದು ಗಾಜಿನದು, ಬಿದ್ದರೆ ಒಡೆಯುವಂಥದ್ದು; ನಿಮ್ಮದು ಪರದೆಯದು, ಎಷ್ಟು ಬಿದ್ದರೂ ಏಳುವಂಥದ್ದು.

ಆ ಬಿಳಿಯ ಪದರ ಮೊದಮೊದಲು ಮಂಕುದಿಣ್ಣೆ. ಏನು ಹೇಳಿದರೂ ನಿಲ್ಲಿಸಿಕೊಳ್ಳುತ್ತಿರಲಿಲ್ಲ. ಆಮೇಲೆ ಮಗಳು ಕಂಡುಕೊಂಡಳು: ಹುಲ್ಲುಗಾವಲಿನಲ್ಲಿ ಜನ ನಡೆದು ನಡೆದು ಕಾಲುದಾರಿ ಬೀಳುತ್ತದಲ್ಲ, ಹಾಗೆ ಮೊದಲ ಸಲ ವಿದ್ಯುತ್ತನ್ನು ಹನಿಹನಿಯಾಗಿ, ಅವಸರವಿಲ್ಲದೆ ಹರಿಸಿ ಪದರದೊಳಗೆ ಒಂದು ದಾರಿ ಬೀಳಿಸಬೇಕು. ಆಮೇಲೆ ಆ ದಾರಿ ತೆರೆದರೆ ಒಂದು, ಮುಚ್ಚಿದರೆ ಸೊನ್ನೆ, ಹೇಳಿದ್ದನ್ನು ಮರೆಯುವುದಿಲ್ಲ. "ಅಮ್ಮಾ, ಈ ಕೆಲಸಕ್ಕೆ ನಮ್ಮ ಮಾತಲ್ಲಿ ಒಂದು ಹೆಸರು ಕೊಡೇ" ಎಂದಳು. ಕಾಲೇಜಿನಲ್ಲಿ ಜೀವಮಾನವೆಲ್ಲ ವ್ಯಾಕರಣ ಪಾಠ ಮಾಡಿದವಳನ್ನು ಕೇಳಿದರೆ ಇನ್ನೇನು ಸಿಗುತ್ತದೆ? ನೆನೆ ಎಂಬ ಧಾತು ತಗೋ, ಇಸು ಪ್ರತ್ಯಯ ಹಚ್ಚು, ತಾನಾಗಿ ನೆನೆಯದ್ದನ್ನು ನಾವು ನೆನೆಸೋದು, ಎಂದೆ. ಅಂದಿನಿಂದ ಈ ಮನೆಯಲ್ಲಿ ಆ ಕೆಲಸದ ಹೆಸರು ನೆನೆಸುವುದು. "ಅಮ್ಮಾ, ಇದನ್ನ ನೆನೆಸಿದ್ಯಾ?" "ನೆನೆಸ್ತಾ ಇದೀನಿ, ಗಲಾಟೆ ಮಾಡ್ಬೇಡ." ಹೀಗೆ ನಡೆಯುತ್ತಿತ್ತು ನಮ್ಮ ಸಂಭಾಷಣೆ. ನಿಮ್ಮ ಕಿವಿ ಹಜಾರದಿಂದ ಅಡುಗೆಮನೆಯವರೆಗೆ ಉದ್ದ ಬಿದ್ದಿರುತ್ತಿತ್ತೆಂದು ನಮಗೇನು ಗೊತ್ತು?

ನಿಮ್ಮ ಮಾವನವರ ವಿಷಯ. ಅವರು ಬೀಗದ ಕೆಲಸದವರು, ಬೀಗರ ಮುಂದೆ ಒಂದು ದಿನವೂ ಬೀಗದವರು. ಊರಿನವರ ಬೀಗವನ್ನೆಲ್ಲ ತೆರೆದುಕೊಡುತ್ತಿದ್ದ ಮನುಷ್ಯ ತನ್ನ ಬಾಯಿಗೆ ಮಾತ್ರ ಬೀಗ ಹಾಕಿಕೊಂಡಿದ್ದರು. ಫೋನ್ ಕೊಟ್ಟರೆ ಬಿಸಿ ಪಾತ್ರೆ ಮುಟ್ಟಿದವರ ಹಾಗೆ ನನ್ನ ಕೈಗೆ ವಾಪಸ್ ಕೊಡುತ್ತಿದ್ದರು. ಅವರ ದನಿ ಎಲ್ಲೂ ದಾಖಲಾಗಿರಲಿಲ್ಲ. ಗಂಟಲಿನ ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಮಗಳು ಮೊತ್ತಮೊದಲ ಚಿಪ್ಪನ್ನು ನೆನೆಸಿ ಮುಗಿಸಿದ್ದಳು. ಅದರ ಪುಟ್ಟ ಹೊಟ್ಟೆಯಲ್ಲಿ ಒಂದು ಸಾಲಿನ ಮಾತಿಗಷ್ಟೇ ಜಾಗ. "ಅಪ್ಪಾ, ಏನಾದ್ರೂ ಹೇಳಪ್ಪಾ" ಎಂದು ಮೈಕು ಹಿಡಿದಳು. ನಾನು ಒಳಗೊಳಗೇ, ಇವರು ನನ್ನ ಹೆಸರು ಹಿಡಿದು ಏನಾದರೂ ಹೇಳಬಹುದೇ ಎಂದು ಕಾದೆ. ಅವರು ಆ ದಿನವೂ ಬಂದ ಹಳದಿ ಆಮ್ಲೆಟ್ಟನ್ನು ನೋಡಿದರು, ನನ್ನನ್ನು ನೋಡಿದರು, ಹೇಳಿದರು: "ಮೊಟ್ಟೆಯೆಲ್ಲಾ ಮೆಮೊರಿಗೆ ಹೋದ್ರೆ ಆಮ್ಲೆಟ್‌ಗೇನು ಮಾಡೋದು?" ಅಷ್ಟೇ. ಮರುದಿನ ದನಿ ಹೋಯಿತು. ಕೆಲವು ತಿಂಗಳಲ್ಲಿ ಅವರೂ ಹೋದರು. ಜಗತ್ತಿನಲ್ಲಿ ಅವರ ದನಿ ಉಳಿದದ್ದು ಉಗುರಿನಷ್ಟಗಲದ ಆ ಗಾಜಿನ ಮೇಲಿನ ಮೊಟ್ಟೆಯ ಬಿಳಿಯಲ್ಲಿ ಮಾತ್ರ.

ಆಸ್ಪತ್ರೆಯ ಆ ದಿನಗಳಲ್ಲೇ, ಮಗಳು ಅಪ್ಪನ ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದಾಗ, ನೀವು ಅವಳ ಕೆಲಸವನ್ನು ನಿಮ್ಮೊಬ್ಬರ ಹೆಸರಿನಲ್ಲಿ ಅಚ್ಚು ಹಾಕಿಸಿದಿರಿ. ಕೊನೆಯಲ್ಲಿ ಒಂದು ಸಾಲು ಮಾತ್ರ ಅವಳಿಗೆ: "ಮನೆಯವರ ಸಹಕಾರಕ್ಕೆ ಕೃತಜ್ಞತೆಗಳು." ಗಂಡನ ಹೆಸರು ಹೇಳಲು ನಾಚಿ ಹೆಂಡತಿಯರು "ನಮ್ಮ ಮನೆಯವರು" ಅನ್ನುವುದನ್ನು ಕೇಳಿದ್ದೆ, ಹೆಂಡತಿಯ ಹೆಸರು ಹೇಳಲು ನಾಚಿದ ಗಂಡನನ್ನು ಕಂಡದ್ದು ಅದೇ ಮೊದಲು. ಅವಳು ಕೇಳಿದ್ದಕ್ಕೆ "ಹೆಸರಲ್ಲೇನಿದೆ? ನನ್ನದು ಬೇರೆ ನಿನ್ನದು ಬೇರೆನಾ?" ಎಂದಿರಿ. ಬೇರೆಯಲ್ಲದಿದ್ದರೆ ಅವಳದನ್ನೇ ಹಾಕಬಹುದಿತ್ತಲ್ಲ, ಎಂದು ನಾನು ಬಾಗಿಲ ಸಂದಿಯಿಂದ ಅಂದುಕೊಂಡೆ. ಮಾವನವರನ್ನು ಕಳಿಸಿಕೊಟ್ಟು ಬಂದ ಮರುದಿನ, ನಾವಿಬ್ಬರೂ ಪೆದ್ದು ಹಿಡಿದು ಕೂತಿದ್ದಾಗ, ಕಪಾಟಿನಿಂದ ಆ ಚಿಪ್ಪನ್ನೂ ತೆಗೆದುಕೊಂಡು ದೂರದ ಊರಿಗೆ ಹೊರಟಿರಿ. ಬೇಗ ಕರೆಸಿಕೊಳ್ಳುತ್ತೇನೆ ಎಂದು ಅವಳಿಗೆ ಹೇಳಿದಿರಿ. ಆ "ಬೇಗ" ಇನ್ನೂ ಬಂದಿಲ್ಲ, ದಾರಿಯಲ್ಲಿ ಎಲ್ಲೋ ಪಂಕ್ಚರ್ ಆಗಿರಬೇಕು. ನಮ್ಮ ಚಿಪ್ ತಗೊಂಡು ನಮ್ಮ ಕೈಗೆ ಚಿಪ್ಪು ಕೊಟ್ಟ ಕಥೆ ಇದು.

ಕಪಾಟು ತೆಗೆದು ನೋಡಿದ ದಿನ ನನಗೆ ಏನಾಯಿತು ಅಂತ ಹೇಳಬೇಕೇ? ಅತ್ತೆ ಎಂಬ ಪದ ನನ್ನ ಮಟ್ಟಿಗೆ ಯಾವಾಗಲೂ ನಾಮಪದ. ಅದನ್ನು ಕ್ರಿಯಾಪದವಾಗಿ ಬಳಸಿದ್ದು ಆ ಒಂದೇ ದಿನ. ಆಮೇಲೆ ಕಣ್ಣು ಒರೆಸಿಕೊಂಡು ನಿಮಗೆ ಬರೆದೆ: ಚಿಪ್ಪಿನ ಕೀರ್ತಿಯೆಲ್ಲ ನಿಮಗಿರಲಿ, ಆ ದನಿ ಮಾತ್ರ ವಾಪಸ್ ಕೊಡಿ. ನಿಮ್ಮ ಉತ್ತರ ನನಗೆ ಬಾಯಿಪಾಠವಾಗಿದೆ: "ಅದೀಗ ಸಂಸ್ಥೆಯ ಆಸ್ತಿ. ಕೇಳಬೇಕೆನಿಸಿದರೆ ನಮ್ಮ ಪ್ರದರ್ಶನಗಳಿಗೆ ಬನ್ನಿ, ಪ್ರವೇಶ ಉಚಿತ." ಗಂಡನ ದನಿ ಕೇಳಲು ಹೆಂಡತಿಗೆ ಪ್ರವೇಶ ಉಚಿತ! ಎಂಥ ಧಾರಾಳ, ಅಳಿಯಂದಿರೇ! ಹಳೆಯ ಕನ್ನಡದಲ್ಲಿ ಅಳಿಯ ಎಂದರೆ ಅಳಿಯುವುದಿಲ್ಲ, ನಾಶವಾಗುವುದಿಲ್ಲ ಎಂದೂ ಆಗುತ್ತದೆ. ಹೊಸ ಕನ್ನಡದಲ್ಲಿ ಅಳಿಸುವುದಕ್ಕೆ ಎರಡು ಅರ್ಥ: ಇದ್ದದ್ದನ್ನು ಒರೆಸಿಹಾಕುವುದು, ನಗುತ್ತಿದ್ದವರ ಕಣ್ಣಲ್ಲಿ ನೀರು ತರಿಸುವುದು. ಮಗಳ ಹೆಸರಿಗೆ ಮೊದಲನೆಯದನ್ನೂ ಮಗಳಿಗೆ ಎರಡನೆಯದನ್ನೂ ಮಾಡಿ ನೀವು ಎರಡೂ ಅರ್ಥಕ್ಕೆ ನ್ಯಾಯ ಒದಗಿಸಿದಿರಿ. ಒಂದು ಸಲ ಊಟಕ್ಕೆ ಕೂತಾಗ ನಾನು ಇಂಥದ್ದೇ ಏನೋ ಹೇಳಿದ್ದಕ್ಕೆ "ಶ್ಲೇಷೆಯಿಂದ ಹೊಟ್ಟೆ ತುಂಬುತ್ತಾ ಅತ್ತೆ?" ಎಂದು ಎಲ್ಲರೆದುರು ನಕ್ಕಿದ್ದಿರಿ. ಆಗ ಉತ್ತರ ಹೊಳೆದಿರಲಿಲ್ಲ. ತುಂಬುತ್ತದೆ, ಅಳಿಯಂದಿರೇ. ತಡವಾಗಿ ಬಡಿಸಿದರೂ ಹೊಟ್ಟೆ ತುಂಬ ತುಂಬುತ್ತದೆ.

ಹೇಗೆಂದು ಕೇಳಿ. ಈ ವರ್ಷದ ಶುರುವಿನಲ್ಲಿ ನಿಮ್ಮಿಂದ ಇದ್ದಕ್ಕಿದ್ದಂತೆ ಒಂದು ಸಂದೇಶ ಬಂತು. ಅದರಲ್ಲಿ ನಿಮ್ಮ ಹೆಂಡತಿಯ ಆರೋಗ್ಯದ ವಿಚಾರಣೆ ಇರಲಿಲ್ಲ, ಮೊಟ್ಟೆಯ ವಿಚಾರಣೆ ಇತ್ತು. "ಅತ್ತೆ, ಅವಳು ಪದರವನ್ನು ಎಷ್ಟು ಹೊತ್ತು ನೆನೆಸುತ್ತಿದ್ದಳು?" ಮೊದಲು ನನಗೆ ಅರ್ಥವಾಗಲಿಲ್ಲ. ಎರಡನೆಯ ಸಂದೇಶ ಬಂತು: "ತಣ್ಣೀರೋ, ಬಿಸಿನೀರೋ?" ಆಗ ಅರ್ಥವಾಯಿತು. ಕುರ್ಚಿಯ ಕೈ ಹಿಡಿದುಕೊಂಡೆ. ಕಾಳು ನೆನೆಸುವ ಹಾಗೆ, ಬಟ್ಟೆ ನೆನೆಸುವ ಹಾಗೆ, ನೀವು ಮೊಟ್ಟೆಯ ಬಿಳಿಯ ಪದರವನ್ನು ನೀರಿನಲ್ಲಿ ನೆನೆಸುತ್ತಿದ್ದಿರಿ! ನೀರು ತಗುಲಿದರೆ ಆ ಪದರ ಊದಿಕೊಳ್ಳುತ್ತದೆ, ಒಳಗಿನ ಕಾಲುದಾರಿ ಕುಸಿಯುತ್ತದೆ, ನೆನೆದದ್ದೇ ನೆನಪು ಹೋಗುತ್ತದೆ. ಗಾಜು ಮುಟ್ಟಿದ್ದ ಯಾರಿಗಾದರೂ ಗೊತ್ತಿರುವ ಸಂಗತಿ. ನೀವು ಮುಟ್ಟಿದ್ದು ಮೈಕು ಮಾತ್ರ. ಹಜಾರದಲ್ಲಿ ಕದ್ದು ಕೇಳಿದ ಒಂದು ಪದ ಹಿಡಿದು ಕಾರ್ಖಾನೆಯನ್ನೇ ಕಟ್ಟಿದ್ದಿರಿ.

ನಾನು ಒಂದೂ ಸುಳ್ಳು ಹೇಳಿಲ್ಲ, ಇದನ್ನು ಗಮನಿಸಬೇಕು. ಎಷ್ಟು ಹೊತ್ತು ಎಂದಿರಿ. "ಅವಸರ ಮಾಡಬಾರದು, ನಿಧಾನವಾಗಿ ನೆನೆಸಬೇಕು" ಎಂದೆ. ನಿಜ. ಎಂಥ ನೀರು ಎಂದಿರಿ. "ಅವಳು ನೀರಿನ ಬಗ್ಗೆ ತಲೆ ಕೆಡಿಸಿಕೊಂಡದ್ದೇ ಇಲ್ಲ" ಎಂದೆ. ಅಪ್ಪಟ ನಿಜ. ಆದರೂ ಮರೆಯುತ್ತಿವೆಯಲ್ಲ ಎಂದಿರಿ. "ಹಾಗಾದರೆ ನೆನೆದಿಲ್ಲ, ಇನ್ನೂ ಚೆನ್ನಾಗಿ ನೆನೆಸಬೇಕು, ಅಳಿಯಂದಿರೇ" ಎಂದೆ. ಇದಕ್ಕಿಂತ ದೊಡ್ಡ ವೈಜ್ಞಾನಿಕ ಸತ್ಯವನ್ನು ನಾನು ಜನ್ಮದಲ್ಲಿ ಬರೆದಿಲ್ಲ. ಮಗಳನ್ನು ಒಂದು ಮಾತು ಕೇಳಿದ್ದರೆ ನಿಮಿಷದಲ್ಲಿ ತಿಳಿಯುತ್ತಿತ್ತು. ಕೇಳಿದರೆ ಅದು ಅವಳದೆಂದು ಒಪ್ಪಿಕೊಂಡಂತಾಗುತ್ತದಲ್ಲ, ಅದಕ್ಕೇ ಅವಳ ಅಮ್ಮನನ್ನು ಕೇಳಿದಿರಿ. ಅಡುಗೆಮನೆಯ ಮುದುಕಿ, ಕಂಡದ್ದನ್ನು ಹೇಳುತ್ತಾಳೆ ಅಂದುಕೊಂಡಿರಿ. ಹೇಳಿದೆ.

ಇನ್ನು ಸೋಮವಾರದ ಕಥೆ. ನಿಮ್ಮ ವ್ಯಾನು ಬಂದು ಬಾಗಿಲಲ್ಲಿ ನಿಂತಿತು. ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ "ಅಳಿಯದ ನೆನಪು" ಎಂದು ನಿಮ್ಮ ಸಂಸ್ಥೆಯ ಹೆಸರು. ಬಣ್ಣ ಸ್ವಲ್ಪ ಉದುರಿ ದಕಾರ ನಕಾರವಾಗಿದೆ. ಬೀದಿಯವರೆಲ್ಲ "ಅಳಿಯನ ನೆನಪು" ಎಂದು ಓದಿಕೊಂಡು ನನ್ನ ಕಡೆ ಕನಿಕರದಿಂದ ನೋಡಿದರು. ಚಾಲಕ ಒಳ್ಳೆಯ ಹುಡುಗಾಟದ ಆಸಾಮಿ, ಚಹಾ ಕೊಟ್ಟರೆ ಸಂಬಳವಿಲ್ಲದೆ ಸುದ್ದಿ ಓದುತ್ತಾನೆ. "ಏನ್ ಕೇಳ್ತೀರಮ್ಮಾ, ಕಾರ್ಖಾನೆ ತುಂಬಾ ತೊಟ್ಟಿಗಳು! ನೀರಿಗಿಳಿಸೋದು, ಎತ್ತೋದು, ಮತ್ತೆ ಇಳಿಸೋದು. ಹುಡುಗ್ರು, ಸಾರ್ ಕರಗೋಗ್ತಾ ಇದೆ ಸಾರ್ ಅಂದ್ರೆ, ಇನ್ನೂ ಚೆನ್ನಾಗಿ ನೆನೆಸ್ರೋ ಅಂತ ರೇಗ್ತಾರೆ. ಅದಕ್ಕೆ ಆರ್ದ್ರ ಸಂಸ್ಕರಣ ಅಂತ ಹೆಸರು ಬೇರೆ. ನಾವು ಹಿಂದ್ಗಡೆ ಈಜುಕೊಳ ಅಂತೀವಿ." ಬಾಗಿಲ ಬಳಿ ಬಟ್ಟೆ ಮಡಿಸುತ್ತಾ ನಿಂತಿದ್ದ ಮಗಳು ನನ್ನ ಮುಖ ನೋಡಿದಳು. "ಅಮ್ಮಾ, ನೀನೇನಾದ್ರೂ...?" ನಾನು ವ್ಯಾಕರಣ ಬಿಟ್ಟು ಬೇರೇನೂ ಹೇಳಿಕೊಟ್ಟಿಲ್ಲ ಕಣೇ, ಎಂದೆ. ಅವಳು ಮಡಿಸಿದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು. ಆ ನಗು ಈ ಮನೆಯಲ್ಲಿ ಎಲ್ಲಿಟ್ಟಿದ್ದೆವೋ ಮರೆತೇ ಹೋಗಿತ್ತು.

ಅಲ್ಲಿಗೆ ನಿಂತಿದ್ದರೆ ನಿಮ್ಮ ಪುಣ್ಯ. "ಬಿಡಮ್ಮಾ, ಮುಳುಗ್ಲಿ, ನಮಗ್ಯಾಕೆ" ಎಂದು ಅವಳು ಬಟ್ಟೆ ಎತ್ತಿಕೊಂಡು ಹೊರಟಿದ್ದಳು. ಡಬ್ಬಿಯೊಳಗಿರುವುದು ಏನೆಂದು ಗೊತ್ತೇನಪ್ಪಾ ಎಂದು ನಾನು ಚಾಲಕನನ್ನು ಕೇಳಿದೆ. "ಗೊತ್ತಮ್ಮಾ, ಆಮ್ಲೆಟ್ ತಾತ! ಪ್ರತಿ ಪ್ರದರ್ಶನದಲ್ಲೂ ಹಾಕ್ತಾರೆ, ಜನ ಬಿದ್ದು ಬಿದ್ದು ನಗ್ತಾರೆ. ಸಾಹೇಬ್ರ ಮನೇಲಿ ಒಬ್ಬ ಪೆದ್ದ ಅಡುಗೆಯವನಿದ್ನಂತೆ, ಮೊಟ್ಟೆ ಯಾಕೆ ಖಾಲಿ ಆಗುತ್ತೆ ಅಂತಾನೇ ತಿಳೀದೆ ಕೂಗಾಡ್ತಿದ್ನಂತೆ. ಅವನ ದನಿಯಂತೆ."

ಪಾಪ ಚಾಲಕನಿಗೆ ತಾನೇನು ಅಂದೆ ಎಂದು ಗೊತ್ತಿಲ್ಲ. ನಮ್ಮ ಮುಖ ನೋಡಿ ಬಿಸ್ಕೆಟ್ ಅದ್ದಿದ ಅವನ ಕೈ ಅಲ್ಲೇ ನಿಂತಿತು, ಬಿಸ್ಕೆಟ್ ನೆನೆದು ಲೋಟದೊಳಗೆ ಬಿತ್ತು. ನಿಮ್ಮ ಹೆಂಡತಿಯ ಹೆಸರು ಅಳಿಸಿದಿರಿ, ಸರಿ. ದನಿ ಕದ್ದಿರಿ, ಸರಿ. ಕದ್ದ ದನಿಯನ್ನಾದರೂ ನಮ್ಮ ಮಾವನವರದು ಎನ್ನಲು ನಿಮ್ಮ ನಾಲಿಗೆಗೆ ಏನಾಗಿತ್ತು? ನಿಮಗೆ ಜ್ವರ ಬಂದಾಗ ಆ ಪೆದ್ದ ಅಡುಗೆಯವನೇ ಪಕ್ಕದಲ್ಲಿ ಕೂತು ಹಣೆಗೆ ಒದ್ದೆ ಬಟ್ಟೆ ಹಾಕಿದ್ದ, ಒಂದು ಮಾ‌ತೂ ಆಡದೆ. ಒಂದು ಕ್ಷಣ ನಿಮ್ಮನ್ನು ಏಕವಚನದಲ್ಲಿ ಬಯ್ಯಬೇಕು ಅನಿಸಿತು. ಆದರೆ ಬಹುವಚನದಲ್ಲಿ ಬಯ್ದರೆ ಹೆಚ್ಚು ಹೊತ್ತು ಉರಿಯುತ್ತದೆ ಎಂದು ಅನುಭವದಿಂದ ಬಲ್ಲೆ.

ಮಗಳು ಬಟ್ಟೆಯನ್ನು ಕುರ್ಚಿಯ ಮೇಲಿಟ್ಟಳು. ಬುಧವಾರ ಬಾಪ್ಪಾ ಎಂದು ಚಾಲಕನನ್ನು ಕಳಿಸಿದಳು. ಅಟ್ಟದಿಂದ ಆ ಹಳೆಯ ಮಿಕ್ಸಿಯ ಮೋಟಾರು ಇಳಿಸಿದಳು, ನೀವು ಅಂದಗೇಡಿ ಎಂದು ಬಿಟ್ಟುಹೋಗಿದ್ದ, ಆಟಿಕೆಯಿಂದ ಕಿತ್ತ ಸ್ಪೀಕರಿನ ಪೆಟ್ಟಿಗೆಯನ್ನೂ ಇಳಿಸಿದಳು. ಲೋಹದ ಗೆರೆ ಎಳೆದ ಹಳೆಯ ಗಾಜುಗಳು ಮೂಲೆಯಲ್ಲಿ ಹಾಗೇ ಇದ್ದವು. ನೀವು ಹೋದ ಮೇಲೆ ಅವಳು ಮೊಟ್ಟೆಯನ್ನು ಮುಟ್ಟಿದ್ದೇ ಇಲ್ಲ, ಅಂಗಡಿಯಲ್ಲಿ ಕಂಡರೂ ಮುಖ ತಿರುಗಿಸುತ್ತಿದ್ದಳು. ಅಂಥವಳು ಮೊಟ್ಟೆ ಎತ್ತಿಕೊಂಡು ಬಟ್ಟಲಿನ ಅಂಚಿಗೆ ಟಕ್ಕೆಂದು ಒಡೆದಳು. ಮೊದಲು ಅಪ್ಪನ ಚಿಪ್ಪನ್ನು ಹಿಡಿದು, ಗೊರಗೊರ ಎನ್ನುತ್ತಿದ್ದುದನ್ನು ಸರಿಯಾಗಿ, ವಿದ್ಯುತ್ತಿನ ಹನಿಯಲ್ಲಿ ಇನ್ನೊಮ್ಮೆ ನೆನೆಸಿದಳು. ನಾನು ಪಕ್ಕದಲ್ಲಿ ಕೂತು ಅವರ ದನಿಗೆ ಕಾದೆ. ಆಮೇಲೆ ಹೊಸದೊಂದನ್ನು ಮಾಡಿದಳು, ಮೊದಲಿನಷ್ಟೇ ಗಾತ್ರ, ಮೊದಲಿನಂಥದ್ದೇ ಗಾಜು. ಅದಕ್ಕೂ ಒಂದು ಸಾಲಿನಷ್ಟೇ ಹೊಟ್ಟೆ. ಅದು ಯಾಕೆ ಎನ್ನುವುದನ್ನು ಜಾಗ ಉಳಿದರೆ ಬರೆಯುತ್ತೇನೆ.

ಊಟ ತಿಂಡಿ ಹೊತ್ತಿಗೆ ಸರಿಯಾಗಿ ಮಾಡಿ. ಶೀತಕ್ಕೆ ಬಿಸಿನೀರಿನ ಹಬೆ ತಗೊಳ್ಳಿ. ತೊಟ್ಟಿಗಳು ಇದ್ದೇ ಇವೆ. ಕಾರ್ಖಾನೆಯ ಹುಡುಗರಿಗೆ ನನ್ನ ನಮಸ್ಕಾರ ತಿಳಿಸಿ, ಕರಗುತ್ತಿದೆ ಎಂದು ಮೊದಲೇ ಹೇಳಿದ ಜಾಣರು ಅವರು. ನೀವು ನೂರ್ಕಾಲ ಬಾಳಬೇಕು ಎಂದು ಮನಸಾರೆ ಹರಸುತ್ತೇನೆ. ಶುಕ್ರವಾರವನ್ನು ನೆನೆಯುವುದಕ್ಕೆ ಅಷ್ಟಾದರೂ ಆಯುಸ್ಸು ಬೇಕಾಗುತ್ತದೆ.

ಇಂತಿ ನಿಮ್ಮ
ಅತ್ತೆ
(ನಾಮಪದ)

ತಾ.ಕ.: ಚಾಲಕ ಬೀದಿಯಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಮಗಳು ಡಬ್ಬಿ ಕೊಡಲು ಹೋಗಿದ್ದಾಳೆ, ಅಕ್ಷರ ವಕ್ರವಾದರೆ ಕ್ಷಮಿಸಿ. ಡಬ್ಬಿ ನಾಳೆಯೇ ನಿಮ್ಮನ್ನು ಸೇರುತ್ತದೆ. ಈ ಪತ್ರ ಅಂಚೆಯಲ್ಲಿ ತೆವಳಿಕೊಂಡು ಶನಿವಾರ ಬರುತ್ತದೆ. ಅಂದರೆ ನೀವು ಇದನ್ನು ಓದುವ ಹೊತ್ತಿಗೆ ಸಭಾಂಗಣದಲ್ಲಿ ಮುದ್ರೆ ಒಡೆದಾಗಿದೆ, ಗುಂಡಿ ಒತ್ತಿಯಾಗಿದೆ, ಆಮ್ಲೆಟ್ ತಾತ ಮಾತಾಡಿಲ್ಲ. ಅವರು ಮಾತಾಡುವುದು ಇನ್ನು ಮೇಲೆ ಇಲ್ಲಿ, ಈ ಮೇಜಿನ ಮೇಲೆ, ನಮ್ಮ ಜೊತೆ ಮಾತ್ರ. ಪ್ರವೇಶ ಉಚಿತ, ನಿಮಗಲ್ಲ. ನಿಮ್ಮ ಡಬ್ಬಿಯಲ್ಲಿ ಇದ್ದದ್ದು ಹೊಸದು, ದನಿ ನಿಮ್ಮ ಹೆಂಡತಿಯದು. ಸಭೆಯ ಗಲಾಟೆಯಲ್ಲಿ ಸರಿಯಾಗಿ ಕೇಳಿಸಿರದಿದ್ದರೆ ಎಂದು ಇಲ್ಲಿ ಬರೆಯುತ್ತಿದ್ದೇನೆ: "ಇದನ್ನ ಮಾಡಿದ್ದು ನಾನು. ತಾತ ನಮ್ಮಪ್ಪ. ನೀರಲ್ಲಿ ನೆನೆಸಿದ್ದು ಮಾತ್ರ ಇವ್ರು." ಅದು ಅಳಿಯುವುದಿಲ್ಲ, ಬಹಳ ಚೆನ್ನಾಗಿ ನೆನೆಸಿದ್ದೇವೆ. ಈವತ್ತು ಬಿಳಿಯನ್ನೂ ಸೇರಿಸಿ ಆಮ್ಲೆಟ್ ಮಾಡಿ ಮೂರು ತಟ್ಟೆಗೆ ಬಡಿಸಿದೆವು, ಮೂರನೆಯದು ನಿಮ್ಮ ಮಾವನವರದು. ನಿಮಗೂ ಪಾಲು ಇಟ್ಟಿದ್ದೆ, ಡಬ್ಬಿಯಲ್ಲಿ ಹತ್ತಿಯ ಕೆಳಗೆ. ಅಷ್ಟು ಜನರ ಎದುರು ಹತ್ತಿ ಎತ್ತಿದಾಗ ಸಿಕ್ಕಿರಬೇಕು. ಹೌದು, ಚಿಪ್ಪು. ನೆನೆಸಬೇಡಿ, ಹಾಗೇ ಕೈಯಲ್ಲಿ ಹಿಡಿದುಕೊಳ್ಳಿ.